ಕಲಿತ ಮೇಲೆ ಸಾಕ್ಷಿಯೋ, ಕಲಿಯುತ್ತಲೇ ಸಾಕ್ಷಿಯೋ?

ಪ್ರಶ್ನೆ: ದೀಕ್ಷಾಸ್ನಾನ ಪಡೆದು ಕೆಲವು ವರ್ಷಗಳಾಗಿವೆ, ಸತ್ಯವೇದವನ್ನು (ಬೈಬಲನ್ನು) ತಪ್ಪದೆ ಓದುತ್ತೇನೆ. ಆದರೂ ಸಹೋದ್ಯೋಗಿಯೊಬ್ಬರು ನನ್ನ ನಂಬಿಕೆಯ ಬಗ್ಗೆ ಕೇಳಿದಾಗ ಮಾತೇ ಹೊರಡಲಿಲ್ಲ. ಇನ್ನಷ್ಟು ಬೆಳೆದ ಮೇಲೆ ಸಾಕ್ಷಿ ಹೇಳುವುದು, ಅಂದರೆ ನನ್ನ ನಂಬಿಕೆಯನ್ನು ಇತರರಿಗೆ ತಿಳಿಸುವುದು, ಲೇಸಲ್ಲವೇ?

ಉತ್ತರ: ಹಾಗೆ ಕಾಯುವವರಿಗೆ ಆ ದಿನ ಬರುವುದು ಅಪರೂಪ. ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಬರುವ ಸಮಾರ್ಯದ ಸ್ತ್ರೀ, ಯೇಸುವಿನೊಡನೆ ಬಾವಿಯ ಬಳಿ ಒಮ್ಮೆ ಮಾತನಾಡಿದವಳಷ್ಟೆ. ಕೊಡವನ್ನು ಅಲ್ಲಿಯೇ ಬಿಟ್ಟು ಊರೊಳಗೆ ಹೋಗಿ, ‘ಈತನು ಕ್ರಿಸ್ತನಾಗಿರಬಹುದೇ?’ ಎಂದು ತನಗೇ ಪೂರ್ತಿ ಬಗೆಹರಿಯದ ಪ್ರಶ್ನೆಯನ್ನೇ ಜನರ ಮುಂದಿಟ್ಟಳು, ಮತ್ತು ಜನ ಹೊರಟು ಬಂದರು. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದ ಫಿಲಿಪ್ಪನಾದರೋ ತಿಳಿದವನು. ಆದರೂ ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಗೆ ಅವನು ಉಪನ್ಯಾಸ ಕೊಡದೆ, ‘ಓದುತ್ತಿರುವುದು ಅರ್ಥವಾಗುತ್ತಿದೆಯೇ?’ ಎಂದು ಕೇಳಿ, ಆತ ಓದುತ್ತಿದ್ದ ಮಾತಿನಿಂದಲೇ ಆರಂಭಿಸಿದನು.

ಆದ್ದರಿಂದ ನಿಮ್ಮ ಸಹೋದ್ಯೋಗಿಗೆ ಗೊತ್ತಿರುವಷ್ಟನ್ನು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಒಪ್ಪಿಕೊಂಡು, ಅದನ್ನು ಬರೆದಿಟ್ಟು ಸಭೆಯ ಹಿರಿಯರನ್ನು ಕೇಳಿರಿ. ಬೇರೆಯವರ ಪ್ರಶ್ನೆಗಳು ನಮ್ಮ ಓದನ್ನು ಹರಿತಗೊಳಿಸುವಷ್ಟು ಯಾವ ವ್ಯಾಖ್ಯಾನ ಪುಸ್ತಕವೂ ಹರಿತಗೊಳಿಸುವುದಿಲ್ಲವೆಂಬುದು ನನ್ನ ಅಭಿಪ್ರಾಯ. 16 ಅಧ್ಯಾಯಗಳ ಮಾರ್ಕನ ಸುವಾರ್ತೆ ಜೊತೆಯಾಗಿ ಓದಲು ಅನುಕೂಲ. ಪ್ರಾರ್ಥನೆಯನ್ನಂತೂ ಬಿಡಬೇಡಿರಿ.

ವಾದದಲ್ಲಿ ಗೆಲ್ಲುವ ಹಟ ಬೇಡ. ಉತ್ತರವನ್ನು ಸಾತ್ವಿಕತೆಯಿಂದ ಕೊಡಬೇಕೆಂದು ಪೇತ್ರನ ಮೊದಲನೆಯ ಪತ್ರಿಕೆ (3:15–16) ಹೇಳುತ್ತದೆ. ಕೇಳುವವರು ಸಾಕೆಂದರೆ ಅಲ್ಲಿಗೇ ನಿಲ್ಲಿಸಿರಿ. ಯೇಸುವಿನ ಮಾತು ಕೇಳಿ ಐಶ್ವರ್ಯವಂತನೊಬ್ಬನು ದುಃಖದಿಂದ ಹೊರಟುಹೋದಾಗ, ಅವನನ್ನು ಪ್ರೀತಿಸಿದ ಯೇಸುವೂ ಬಲವಂತವಾಗಿ ತಡೆಯಲಿಲ್ಲ.