ಮೆಕ್ಯಾನಿಕಲ್ ಓದಿದವರಿಗೆ ಮೆಮ್ಸ್ ಸಂಶೋಧನೆಯಲ್ಲಿ ಏನು ಕೆಲಸ?

ಮೆಕ್ಯಾನಿಕಲ್ ಮುಗಿಸಿ ಮೆಮ್ಸ್‌ನಲ್ಲಿ (ಅಂದರೆ ಚಿಪ್ ಮೇಲೆ ಮಾಡುವ, ಅಲುಗಾಡುವ ಭಾಗಗಳಿರುವ ಪುಟಾಣಿ ಯಂತ್ರಗಳಲ್ಲಿ) ಪಿಎಚ್‌ಡಿ ಮಾಡಬೇಕು ಅಂತಿದ್ದೀರಿ, ಆದರೆ ಅದು ಎಲೆಕ್ಟ್ರಾನಿಕ್ಸ್‌ನವರ ಕ್ಷೇತ್ರ ಅಲ್ವಾ ಎಂದು ಕೇಳಿದ್ದೀರಿ. ನಾನೂ ಮೆಕ್ಯಾನಿಕಲ್‌ನಿಂದಲೇ ಬಂದವಳು. ಧೈರ್ಯವಾಗಿ ಬನ್ನಿ.

ಫೋನ್ ಅಡ್ಡ ಹಿಡಿದರೆ ಸ್ಕ್ರೀನ್ ತಿರುಗುತ್ತದಲ್ಲ, ಅದರೊಳಗೆ ಸಿಲಿಕಾನ್‌ನ ಪುಟ್ಟ ತೂಕವೊಂದು ತೆಳು ಸ್ಪ್ರಿಂಗ್‌ಗಳ ಮೇಲೆ ತೂಗಾಡುತ್ತಿರುತ್ತದೆ. ಅದು ಚೂರು ಸರಿದರೂ ಕೆಪಾಸಿಟೆನ್ಸ್, ಅಂದರೆ ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ, ಬದಲಾಗುತ್ತದೆ. ಅದೇ ಸೆನ್ಸರ್. ನೀವು ವೈಬ್ರೇಶನ್ ಪೇಪರ್‌ಗೆ ಓದಿದ ತೂಕ, ಸ್ಪ್ರಿಂಗ್, ಡ್ಯಾಂಪಿಂಗ್ ಎಲ್ಲ ಇಲ್ಲಿವೆ. ಅಂಥದೇ ತೂಕವನ್ನು ವೋಲ್ಟೇಜ್ ಕೊಟ್ಟು ಎಳೆದರೆ ಆಕ್ಚುಯೇಟರ್, ಅಂದರೆ ಚಲನೆ ಕೊಡುವ ಸಾಧನ. ಎರಡು ಬಾಚಣಿಗೆಗಳನ್ನು ಎದುರುಬದುರು ಹಲ್ಲಿಗೆ ಹಲ್ಲು ಸೇರಿಸಿದ ಹಾಗಿರುವ ಕೋಂಬ್ ಡ್ರೈವ್ ಎಂಬ ಆಕ್ಚುಯೇಟರನ್ನು ಬರ್ಕ್ಲಿಯ ವಿಶ್ವವಿದ್ಯಾಲಯದವರು 1989ರಲ್ಲೇ ತೋರಿಸಿದ್ದರು.

ಆದರೆ ಲ್ಯಾಬ್‌ನಲ್ಲಿ ನನ್ನ ದಿನಗಳು ಹೋಗಿದ್ದು ಬೇರೆ ಕಡೆ. ನಾನು ಮಾಡುತ್ತಿದ್ದದ್ದು 200 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಉದ್ದ, 2 ಮೈಕ್ರಾನ್ ದಪ್ಪದ ಕ್ಯಾಂಟಿಲಿವರ್ ಬೀಮ್, ಅಂದರೆ ಒಂದು ತುದಿ ಮಾತ್ರ ಹಿಡಿದಿಟ್ಟ ಪಟ್ಟಿ. ಕೆಳಗೆ 2 ಮೈಕ್ರಾನ್ ಸಂದು. ಆ ಸಂದಿನಲ್ಲಿರುವ ಆಕ್ಸೈಡನ್ನು ಹೈಡ್ರೋಫ್ಲೋರಿಕ್ ಆ್ಯಸಿಡ್‌ನಲ್ಲಿ ಕರಗಿಸಿ, ನೀರಿನಲ್ಲಿ ತೊಳೆದು ಒಣಗಿಸಬೇಕು. ಮೊದಲ ಸಲ ಸುಮ್ನೆ ಗಾಳಿಗೆ ಒಣಗಲು ಬಿಟ್ಟೆ. ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಬುಡ ಸ್ಪಷ್ಟವಾಗಿದೆ, ತುದಿ ಮಾತ್ರ ಮಸುಕು. ಫೋಕಸ್ ಸ್ವಲ್ಪ ಕೆಳಗಿಳಿಸಿದೆ. ತುದಿ ಸ್ಪಷ್ಟವಾಯಿತು. ಅಂದರೆ ತುದಿ ಬಗ್ಗಿ ತಳಕ್ಕೆ ಅಂಟಿಕೊಂಡಿತ್ತು! ಎರಡು ವಾರದ ಕೆಲಸ ಅದು. ಅವತ್ತು ಊಟ ಸೇರಲಿಲ್ಲ.

ಒದ್ದೆ ಕೂದಲು ಒಂದಕ್ಕೊಂದು ಅಂಟಿಕೊಳ್ಳುತ್ತದಲ್ಲ, ಅದೇ ಕಾರಣ. ಅಳತೆಯೆಲ್ಲ 10 ಪಟ್ಟು ಕುಗ್ಗಿದರೆ ತೂಕ 1000 ಪಟ್ಟು ಇಳಿಯುತ್ತದೆ, ನೀರಿನ ಮೇಲ್ಮೈ ಎಳೆತದ ಬಲ ಬರೀ 10 ಪಟ್ಟು. ಹಾಗಾಗಿ ಈ ಲೋಕದಲ್ಲಿ ಗುರುತ್ವಕ್ಕಿಂತ ಒಂದು ಹನಿ ನೀರಿನ ಕಾಟವೇ ಜಾಸ್ತಿ. ಆಮೇಲೆ ನೀರಿನ ಬದಲು ಮೆಥನಾಲ್, ಮೆಥನಾಲ್ ಬದಲು ದ್ರವ ಕಾರ್ಬನ್ ಡೈಆಕ್ಸೈಡ್ ತುಂಬಿ, 31 ಡಿಗ್ರಿ ಸೆಲ್ಸಿಯಸ್ ಮತ್ತು 73 ಅಟ್ಮಾಸ್ಫಿಯರ್ ಒತ್ತಡ ದಾಟಿಸುವುದನ್ನು ಕಲಿತೆ. ಅಲ್ಲಿ ದ್ರವಕ್ಕೂ ಅನಿಲಕ್ಕೂ ನಡುವೆ ಗಡಿಯೇ ಇರುವುದಿಲ್ಲ, ಬೀಮನ್ನು ಎಳೆಯುವುದಕ್ಕೆ ಮೇಲ್ಮೈಯೂ ಇಲ್ಲ. ಬೀಮ್‌ಗಳ ಸಾಲು ತುದಿಯವರೆಗೂ ಒಂದೇ ಫೋಕಸ್‌ನಲ್ಲಿ ಕಂಡ ಗಳಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಆ್ಯಸಿಡ್ ಬಗ್ಗೆ ಮಾತ್ರ ಎಚ್ಚರ. ತಾಗಿದಾಗ ಎಷ್ಟೋ ಸಲ ಮೊದಲು ಉರಿಯೇ ಗೊತ್ತಾಗುವುದಿಲ್ಲ, ಆದರೆ ಒಳಗಿಳಿದು ಎಲುಬಿನವರೆಗೂ ಹೋಗುತ್ತದೆ. ತಾಗಿದ ಕಡೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಎಲ್ಲಿಟ್ಟಿದ್ದಾರೆ ಅಂತ ನೋಡಿಕೊಳ್ಳದೆ ಬಾಟಲಿ ಮುಟ್ಟಬೇಡಿ.

ನಿಮ್ಮ ಕಾಲೇಜಿನಲ್ಲಿ ಕ್ಲೀನ್‌ರೂಮ್ (ಇಂಥ ಡಿವೈಸ್ ಮಾಡುವ ಧೂಳಿಲ್ಲದ ಕೋಣೆ) ಇಲ್ಲದಿದ್ದರೂ ಚಿಂತೆಯಿಲ್ಲ. ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಐಎನ್‌ಯುಪಿ ಎಂಬ ನ್ಯಾನೋ ಬಳಕೆದಾರರ ಕಾರ್ಯಕ್ರಮದ ಮೂಲಕ ಹೊರಗಿನ ಕಾಲೇಜಿನವರೂ ಕೆಲಸ ಮಾಡಿದ್ದಾರೆ, ವಿಚಾರಿಸಿ. ಗೈಡ್ ಆರಿಸುವಾಗ ಮೊದಲೇ ಕೇಳಿಬಿಡಿ: ಡಿವೈಸನ್ನು ನಾನೇ ಕೈಯಾರೆ ಮಾಡುತ್ತೇನಾ, ಇಲ್ಲ ಬರೀ ಸಿಮ್ಯುಲೇಶನ್ನಾ?