ವಾಟರ್‌ಲೂ ಲೇಖನವನ್ನು ಏಕೆ ಹಿಂದಿರುಗಿಸುತ್ತಿದ್ದೇವೆ

ನಮಸ್ಕಾರ.

ನೀವು ಕಳಿಸಿದ ‘ವಾಟರ್‌ಲೂ: ಎರಡು ಸಿಂಹಗಳ ಕಾದಾಟ’ ಲೇಖನವನ್ನು ಎರಡು ಸಲ ಓದಿದೆವು. 1815ರ ಜೂನ್ 18ರಂದು ಇಂದಿನ ಬೆಲ್ಜಿಯಂನ ವಾಟರ್‌ಲೂ ಬಳಿ ಫ್ರಾನ್ಸಿನ ನೆಪೋಲಿಯನ್, ಬ್ರಿಟಿಷ್ ದಂಡನಾಯಕ ವೆಲ್ಲಿಂಗ್ಟನ್ನನಿಗೂ ಅವನ ಮಿತ್ರರಾದ ಪ್ರಷ್ಯನ್ನರಿಗೂ (ಜರ್ಮನರ ಪ್ರಷ್ಯ ರಾಜ್ಯದವರು) ಸೋತ ಕದನ ಅದರ ವಸ್ತು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಭಾಷೆ ಸರಾಗವಾಗಿದೆ, ಶ್ರಮವೂ ಕಾಣುತ್ತದೆ. ಆದರೆ 4,000 ಪದ ಓದಿ ಮುಗಿಸಿದ ಮೇಲೂ ಅಂದು ಯಾರು ಎಲ್ಲಿ ನಿಂತಿದ್ದರು, ಎಷ್ಟು ಹೊತ್ತಿಗೆ ಏನಾಯಿತು ಎಂಬುದು ಓದುಗನಿಗೆ ದಕ್ಕುವುದಿಲ್ಲ. ನೆಪೋಲಿಯನ್ನನ ಅನಾರೋಗ್ಯಕ್ಕೂ ವೆಲ್ಲಿಂಗ್ಟನ್ನನ ಗತ್ತಿಗೂ ಪುಟಗಟ್ಟಲೆ ಜಾಗ; ಪ್ರಷ್ಯನ್ನರಿಗೆ ಮಾತ್ರ ಒಂದೇ ವಾಕ್ಯ: ‘ಅಷ್ಟರಲ್ಲಿ ಬ್ಲೂಷರ್ ಬಂದ.’ ಲೇಖನ ಕೆಟ್ಟಿರುವುದೇ ಆ ‘ಅಷ್ಟರಲ್ಲಿ’ಯಲ್ಲಿ.

ಪ್ರಷ್ಯನ್ನರ ದಂಡನಾಯಕ ಬ್ಲೂಷರ್ ಸುಮ್ಮನೆ ಬರಲಿಲ್ಲ. 1815ರ ಜೂನ್ 16ರಂದು ಲಿನ್ಯೀಯಲ್ಲಿ ಅವನ ಸೈನ್ಯ ಫ್ರೆಂಚರಿಗೆ ಸೋತಿತ್ತು. 72ರ ಆ ಮುದುಕ ತನ್ನ ಕುದುರೆಯಡಿ ಸಿಕ್ಕಿಬಿದ್ದು ಹೇಗೋ ಪಾರಾಗಿದ್ದ. ಸೋತ ಸೈನ್ಯ ತನ್ನ ಸಾಮಗ್ರಿ ಬರುವ ದಾರಿ ಹಿಡಿದು ಪೂರ್ವಕ್ಕೆ ಹೋಗುತ್ತದೆ ಎಂಬುದು ಫ್ರೆಂಚರ ಎಣಿಕೆ. ಬ್ಲೂಷರ್‌ನ ಸಿಬ್ಬಂದಿ ಮುಖ್ಯಸ್ಥ ಗ್ನೈಸೆನಾವ್ ಅದನ್ನು ಉತ್ತರಕ್ಕೆ, ವಾವ್ರ್ ಊರಿನ ಕಡೆಗೆ ತಿರುಗಿಸಿದ. ಅಲ್ಲಿಂದ ವೆಲ್ಲಿಂಗ್ಟನ್ ನಿಂತ ದಿಬ್ಬಕ್ಕೆ ಸುಮಾರು 15 ಕಿ.ಮೀ. 18ರ ನಸುಕಿನಲ್ಲಿ ಹೊರಟ ಪ್ರಷ್ಯನ್ ಸೇನಾನಿ ಬ್ಯೂಲೋನ ಪಡೆಗೆ ವಾವ್ರ್‌ನ ಬೀದಿಯಲ್ಲಿ ಮನೆಗೆ ಹತ್ತಿದ ಬೆಂಕಿ ಅಡ್ಡಬಂತು, ಮುಂದೆ ಕೆಸರಿನಲ್ಲಿ ಫಿರಂಗಿಯ ಗಾಲಿಗಳು ಹೂತವು. ಅದು ಫ್ರೆಂಚರ ಬಲಬದಿಯ ಹಿಂದಿದ್ದ ಪ್ಲಾನ್ಸೆನ್ವಾ ಹಳ್ಳಿಯ ಮೇಲೆ ಬಿದ್ದಾಗ ಸಂಜೆ ನಾಲ್ಕೂವರೆಯ ಸುಮಾರು. ನೆಪೋಲಿಯನ್ ಈ ಚಲನೆಯನ್ನು ಮಧ್ಯಾಹ್ನ ಒಂದರ ಹೊತ್ತಿಗೇ ದೂರದಲ್ಲಿ ಕಂಡಿದ್ದ, ತನ್ನ ಸೇನಾನಿ ಲೊಬೋನ ಪಡೆಯನ್ನು ಅತ್ತ ಕಳಿಸಿಯೂ ಇದ್ದ. ಅಂದರೆ ಪ್ರಷ್ಯನ್ನರು ಗುಂಡು ಹಾರಿಸುವ ಮೊದಲೇ ಅವನ ಮೀಸಲು ಪಡೆಯನ್ನು ತಿನ್ನತೊಡಗಿದ್ದರು. ನಿಮ್ಮ ಲೇಖನದ ಬೆನ್ನುಮೂಳೆ ಇದಾಗಬೇಕಿತ್ತು.

ನೆಪೋಲಿಯನ್ನನ ಸೇನಾನಿ ಗ್ರೂಶಿಯನ್ನು ‘ದ್ರೋಹಿ’ ಎಂದಿದ್ದೀರಿ, ತೆಗೆಯಿರಿ. ಪ್ರಷ್ಯನ್ನರ ಬೆನ್ನುಹತ್ತು ಎಂದು ಸುಮಾರು 33,000 ಜನರನ್ನು ಕೊಟ್ಟು ಕಳಿಸಿದ್ದು ನೆಪೋಲಿಯನ್ನೇ, ಅದೂ 17ರ ಮಧ್ಯಾಹ್ನದ ಹೊತ್ತಿಗೆ, ತಡವಾಗಿ. 18ರಂದು ಗ್ರೂಶಿ ವಾವ್ರ್‌ನಲ್ಲಿ ಕಾದುತ್ತಲೇ ಇದ್ದ. ಮಂದಗತಿ ಎನ್ನಿ, ತಪ್ಪು ಲೆಕ್ಕ ಎನ್ನಿ, ದ್ರೋಹವಲ್ಲ.

‘ಇಂಗ್ಲಿಷ್ ಸೈನ್ಯ’ ಎಂಬ ಮಾತೂ ಸಲ್ಲದು. ವೆಲ್ಲಿಂಗ್ಟನ್ ಕೈಕೆಳಗಿದ್ದ ಸುಮಾರು 68,000 ಜನರಲ್ಲಿ ಬ್ರಿಟಿಷರು ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಉಳಿದವರು ಡಚ್ಚರು, ಬೆಲ್ಜಿಯನ್ನರು, ಹ್ಯಾನೋವರ್, ಬ್ರನ್ಸ್‌ವಿಕ್, ನಸ್ಸಾವ್‌ಗಳ ಜರ್ಮನರು.

ಈಗ ಫ್ರೆಂಚರ ಕುದುರೆಪಡೆ. ‘ನೇ ಸೇನಾನಿಯ ಸಾವಿರಾರು ಕುದುರೆಗಳು ನಾಗಾಲೋಟದಲ್ಲಿ ಅಪ್ಪಳಿಸಿದವು’ ಎಂದು ಬರೆದಿದ್ದೀರಿ. ಹಿಂದಿನ ರಾತ್ರಿಯಿಡೀ ಮಳೆ, ಏರುಬದಿ, ತುಳಿದು ಹೆಂಟೆ ಕಲಸಿದಂತಾದ ಹೊಲ, ಊಗುಮೋಂ, ಲಾ ಏ ಸೇಂತ್ ಎಂಬ ಎರಡು ತೋಟದಮನೆಗಳ ನಡುವೆ ಒಂದು ಕಿಲೋಮೀಟರಿಗೂ ಕಡಿಮೆ ಅಗಲ. ಅಲ್ಲಿ ಕುದುರೆಗೆ ಸಾಧ್ಯವಾದದ್ದು ಹೆಚ್ಚೆಂದರೆ ಕುಕ್ಕುಲೋಟ. ಎದುರಿಗೆ ಕಾಲಾಳುಗಳು ಚೌಕ ಕಟ್ಟಿ ನಿಂತಿದ್ದರು: ಪ್ರತಿ ಬದಿಗೂ ನಾಲ್ಕು ಸಾಲು, ಮುಂದಿನವರು ಮೊಣಕಾಲೂರಿ ಬಂದೂಕಿನ ತುದಿಯ ಬಯೊನೆಟ್ ಓರೆಯಾಗಿ ಚಾಚಿದವರು, ಹಿಂದಿನವರು ಗುಂಡು ಹಾರಿಸುವವರು. ಕುದುರೆ ಎಷ್ಟೇ ಪಳಗಿದ್ದರೂ ಬಯೊನೆಟ್‌ಗಳ ಬೇಲಿಗೆ ಎದೆಯೊಡ್ಡುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಚೌಕ ಒಡೆಯಲು ಕುದುರೆಯ ಜೊತೆಗೆ ಫಿರಂಗಿಯೂ ಕಾಲಾಳೂ ಬೇಕು. ನೇ ಅವೆರಡನ್ನೂ ಸಾಕಷ್ಟು ತರಲಿಲ್ಲ. ಇನ್ನೊಂದು ಲೋಪವನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಬ್ರಿಟಿಷ್ ಗೋಲಂದಾಜರು ಫಿರಂಗಿ ಬಿಟ್ಟು ಚೌಕದೊಳಗೆ ಓಡಿಬರುತ್ತಿದ್ದರು, ಸವಾರರು ಹಿಂದೆ ಸರಿದೊಡನೆ ಮತ್ತೆ ಹೋಗಿ ಸಿಡಿಸುತ್ತಿದ್ದರು. ಫಿರಂಗಿಗೆ ಬೆಂಕಿ ಮುಟ್ಟಿಸುವ ತೂತಿಗೆ ಒಂದೊಂದು ಮೊಳೆ ಜಡಿದಿದ್ದರೆ ಅವು ಅಂದಿನ ಮಟ್ಟಿಗೆ ಸತ್ತಂತೆ. ಜಡಿಯಲಿಲ್ಲ.

ನಿಮ್ಮ ಬರಹದಲ್ಲಿ ‘ರಕ್ತದ ಹೊಳೆ’ ಮೂರು ಸಲ ಹರಿದಿದೆ, ಕುರುಕ್ಷೇತ್ರ ಐದು ಸಲ ಬಂದಿದೆ. ಒಂದನ್ನೂ ಉಳಿಸಬೇಡಿ. ಭೀಕರತೆ ಬೇಕಿದ್ದರೆ ಲಾ ಏ ಸೇಂತ್‌ಗೆ ಹೋಗಿ. ನೀವು ಆ ತೋಟದಮನೆಯನ್ನು ‘ಶತ್ರುವಶವಾಯಿತು’ ಎಂದಷ್ಟೇ ದಾಟಿದ್ದೀರಿ. ಹೆದ್ದಾರಿಯ ಪಕ್ಕದ ಆ ಮನೆಯನ್ನು ವೆಲ್ಲಿಂಗ್ಟನ್ ಪಡೆಯ ಮೇಜರ್ ಬೇರಿಂಗ್ ಸುಮಾರು 400 ಜರ್ಮನ್ ಯೋಧರೊಡನೆ ಹಿಡಿದಿದ್ದ. ಹಿಂದಿನ ರಾತ್ರಿ ಚಳಿಗೆ ಕಣಜದ ದೊಡ್ಡ ಬಾಗಿಲನ್ನೇ ಸೌದೆ ಮಾಡಿ ಉರಿಸಿಬಿಟ್ಟಿದ್ದರು. ಬೆಳಗಾದರೆ ಆ ಕಂಡಿಯಲ್ಲೇ ಶತ್ರು. ಫ್ರೆಂಚರು ಕಣಜಕ್ಕೆ ಬೆಂಕಿಯಿಟ್ಟಾಗ ನೆರವಿಗೆ ಬಂದಿದ್ದ ನಸ್ಸಾವ್ ಸಿಪಾಯಿಗಳ ಬೆನ್ನಿಗಿದ್ದ ಅಡುಗೆ ಪಾತ್ರೆಗಳನ್ನು ಕಿತ್ತು, ಅಂಗಳದ ಕೊಳದ ನೀರು ತುಂಬಿ ಆರಿಸಿದರು. ಬೇರಿಂಗ್ ಮತ್ತೆ ಮತ್ತೆ ಮದ್ದುಗುಂಡು ಕೇಳಿ ಕಳಿಸಿದ; ಆಳುಗಳು ಬಂದರು, ತೋಟಾ ಬರಲಿಲ್ಲ. ಬೇರಿಂಗ್‌ನ ಯೋಧರ ಬೇಕರ್ ರೈಫಲ್ಲಿನ ನಳಿಗೆಯ ತೂತು ಮಾಮೂಲಿ ಮಸ್ಕೆಟ್ಟಿಗಿಂತ ಸಣ್ಣದು, ಪಕ್ಕದವರ ಗುಂಡು ಅದಕ್ಕೆ ಕೂರುವುದಿಲ್ಲ. ಸಂಜೆ ಆರರ ಮೇಲೆ ಮನೆ ಬಿದ್ದಾಗ ಅವನ ಜೊತೆ ಉಳಿದವರು 42 ಮಂದಿ ಎಂದು ಅವನೇ ಬರೆದಿಟ್ಟಿದ್ದಾನೆ.

ಆ ಗಳಿಗೆಯಲ್ಲಿ ವೆಲ್ಲಿಂಗ್ಟನ್ನನ ನಡುಸಾಲು ತೆಳ್ಳಗಾಗಿತ್ತು. ನೇ ಇನ್ನಷ್ಟು ಪಡೆ ಕೇಳಿದ, ನೆಪೋಲಿಯನ್ ಕೊಡಲಿಲ್ಲ. ಏಕೆಂದರೆ ಅವನ ಆಯ್ದ ಯೋಧರ ಗಾರ್ಡ್ ಪಡೆಯ ಒಂದು ಭಾಗ ಪ್ಲಾನ್ಸೆನ್ವಾದಲ್ಲಿ ಪ್ರಷ್ಯನ್ನರ ಜೊತೆ ಸೆಣಸುತ್ತಿತ್ತು. ಉಳಿದ ಗಾರ್ಡ್ ದಿಬ್ಬ ಹತ್ತಿದ್ದು ಏಳೂವರೆಯ ಸುಮಾರಿಗೆ. ಅಷ್ಟರೊಳಗೆ ಸಾಲು ಮತ್ತೆ ಗಟ್ಟಿಯಾಗಿತ್ತು. ಈ ‘ಅಷ್ಟರೊಳಗೆ’ಯನ್ನು ಬೇಕಾದರೆ ಇಟ್ಟುಕೊಳ್ಳಿ, ಅದಕ್ಕೆ ಹಿಂದೆ ಲೆಕ್ಕವಿದೆ.

ಕನ್ನಡ ಓದುಗರಿಗಾಗಿ ಸೇರಿಸಿದ ಪ್ಯಾರಾದಲ್ಲಿ ‘ಟಿಪ್ಪುವನ್ನು ಕೊಂದ ವೆಲ್ಲಿಂಗ್ಟನ್’ ಎಂದಿದೆ. ತಪ್ಪು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯ ದಂಡನಾಯಕ ಹ್ಯಾರಿಸ್. ಮೇ 4ರಂದು ಕೋಟೆಗೆ ಲಗ್ಗೆಯಿಟ್ಟವನು ಬೇರ್ಡ್. ಮುಂದೆ ವೆಲ್ಲಿಂಗ್ಟನ್ ಎನಿಸಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಆಗ ಮೀಸಲು ಪಡೆಯಲ್ಲಿದ್ದ, ಊರಿನ ಆಡಳಿತ ಅವನ ಕೈಗೆ ಬಂದದ್ದು ಆಮೇಲೆ. ನಿಜವಾದ ನಂಟು ಬೇಕಿದ್ದರೆ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನಲ್ಲಿ ಅವನ ಪಡೆ ಕತ್ತಲಲ್ಲಿ ದಾರಿ ತಪ್ಪಿ ಪೆಟ್ಟು ತಿಂದದ್ದನ್ನು ಬರೆಯಿರಿ. ಹಗಲಲ್ಲಿ ನೋಡದ ನೆಲದ ಮೇಲೆ ರಾತ್ರಿ ನುಗ್ಗಬಾರದು ಎಂದು ಅವನು ನಿಶ್ಚಯಿಸಿದ್ದು ಅದರ ನಂತರ.

ತಿದ್ದಿದ ಕರಡು 1,800 ಪದ ಮೀರದಿರಲಿ. ಬರೆಯುವ ಮೊದಲು ಒಂದು ಹಾಳೆಯಲ್ಲಿ ನಕ್ಷೆ ಗೀಚಿ: ಉತ್ತರಕ್ಕೊಂದು ದಿಬ್ಬ, ದಕ್ಷಿಣಕ್ಕೊಂದು, ನಡುವೆ ಪಶ್ಚಿಮದಿಂದ ಪೂರ್ವಕ್ಕೆ ಊಗುಮೋಂ, ಲಾ ಏ ಸೇಂತ್, ಪಾಪ್ಲೋತ್ ತೋಟದಮನೆಗಳು, ಆಗ್ನೇಯದಲ್ಲಿ ಪ್ಲಾನ್ಸೆನ್ವಾ. ಪ್ರತಿ ಪ್ಯಾರಾದ ಅಂಚಿನಲ್ಲಿ ಗಂಟೆಯನ್ನೂ ನಕ್ಷೆಯ ಜಾಗವನ್ನೂ ಪೆನ್ಸಿಲ್ಲಿನಲ್ಲಿ ಗುರುತಿಸಿ. ಗುರುತು ಹಾಕಲಾಗದ ಪ್ಯಾರಾಗಳನ್ನು ಕೈಬಿಟ್ಟು, ನಕ್ಷೆಯನ್ನೂ ಲಗತ್ತಿಸಿ ಕಳಿಸಿ.