‘ನಾವು ಹೇಳಿದ್ದೂ ಅದನ್ನೇ ಅಲ್ವ?’

ಖಿನ್ನತೆಗೆ ಒಳಗಾದವರನ್ನು ಚಿಕಿತ್ಸೆಗೆಂದು ನನ್ನ ಬಳಿ ಕರೆದುಕೊಂಡು ಬರುವ ಮನೆಯವರು ಎರಡು-ಮೂರನೆಯ ಭೇಟಿಯ ಹೊತ್ತಿಗೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಎದ್ದು ಕೆಲಸ ಮಾಡು ಎಂದು ನಾವು ಹೇಳಿದ್ದೂ ಅದನ್ನೇ ಅಲ್ವ? ಕೆಲವರು ಸಿಟ್ಟಿನಿಂದ, ಇನ್ನು ಕೆಲವರು ನಿಜವಾಗಿಯೂ ಅರ್ಥವಾಗದೆ. ಶಿರಸಿ ಕಡೆಯ ತೋಟದ ಮನೆಯೊಂದರ ಅಣ್ಣ ಅದನ್ನು ಎಲ್ಲರಿಗಿಂತ ನೇರವಾಗಿ ಕೇಳಿದರು. ಅವರಿಗೆ ಕೊಟ್ಟ ಉತ್ತರ ಇನ್ನಷ್ಟು ಮನೆಗಳಿಗೂ ಬೇಕಾದೀತು ಎಂದು ಬಿಡಿಸಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಚಿಕಿತ್ಸೆಗೆ ಬಂದವರು ಅವರ ತಮ್ಮ, ನಲವತ್ತು ದಾಟಿದ ಅಡಿಕೆ ಬೆಳೆಗಾರ. ಎಲೆಚುಕ್ಕಿ ರೋಗದಿಂದ ಎರಡು ವರ್ಷ ಫಸಲು ಇಳಿದಿತ್ತು, ಸೊಸೈಟಿ ಸಾಲ ಏರಿತ್ತು. ಆಷಾಢದ ಮಳೆ ಹಿಡಿದ ಮೇಲೆ ಅವರು ತೋಟಕ್ಕೆ ಇಳಿಯುವುದನ್ನೇ ಬಿಟ್ಟರು. ಸುತ್ತಲಿನ ಊರುಗಳ ತಾಳಮದ್ದಳೆಗೆ ಮದ್ದಳೆ ನುಡಿಸುತ್ತಿದ್ದವರು ಕರೆ ಬಂದರೆ ಫೋನೂ ಎತ್ತುತ್ತಿರಲಿಲ್ಲ. ಆದರೆ ಅವರು ಹೇಳಿಕೊಂಡದ್ದು ಹೊಟ್ಟೆ ಭಾರ, ಸೊಂಟನೋವು, ಸುಸ್ತು. ಗ್ಯಾಸ್ಟ್ರಿಕ್ ಮಾತ್ರೆ ತಿಂಗಳುಗಟ್ಟಲೆ ನುಂಗಿ ಆಗಿತ್ತು. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಮತ್ತೆ ನಿದ್ದೆಯಿಲ್ಲ. ಬೆಳಿಗ್ಗೆ ಏಳುವುದೇ ಕಷ್ಟ, ಸಂಜೆಗೆ ತುಸು ಹಗುರ. ಬೇಜಾರಾ ಎಂದು ಕೇಳಿದರೆ, “ಬೇಜಾರೂ ಅಲ್ಲ ಮೇಡಂ. ಎಂತದೂ ಬೇಕು ಅಂತ್ಲೇ ಅನ್ಸೂದಿಲ್ಲ” ಎಂದರು.

ನಮ್ಮ ಕಡೆ ಖಿನ್ನತೆ ಹೆಚ್ಚಾಗಿ ಹೀಗೇ, ಮೈಯ ತೊಂದರೆಯಾಗಿಯೇ ಬಾಗಿಲಿಗೆ ಬರುತ್ತದೆ. ಅಳು ಇರಲೇಬೇಕೆಂದಿಲ್ಲ. ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇವೆರಡರಲ್ಲಿ ಒಂದಾದರೂ ದಿನದ ಬಹುಪಾಲು, ಹೆಚ್ಚುಕಡಿಮೆ ಪ್ರತಿದಿನ, ಎರಡು ವಾರ ಇದ್ದು, ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನ ಇವೂ ಕೆಟ್ಟಿದ್ದರೆ ಖಿನ್ನತೆಯನ್ನು ಯೋಚಿಸಲೇಬೇಕು. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಇವರಿಗೆ 27ಕ್ಕೆ 18 ಬಂತು. 10 ಬಂದರೇ ಗಂಭೀರವಾಗಿ ನೋಡಬೇಕು. ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಬಿ12 ಪರೀಕ್ಷೆಗೂ ಕಳಿಸಿದೆ, ಏಕೆಂದರೆ ಥೈರಾಯ್ಡ್ ಕಡಿಮೆಯಾದರೂ ಮನುಷ್ಯ ಹೀಗೇ ಕುಸಿಯುತ್ತಾನೆ. ಎಲ್ಲ ಸರಿಯಿತ್ತು. ಮನೋವೈದ್ಯರು ಮಾತ್ರೆ ಶುರುಮಾಡಿದರು.

ಪಟ್ಟಿಯ ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಯದು. ಅದನ್ನು ಬಾಯಿಬಿಟ್ಟು ಕೇಳಲು ಮನೆಯವರು ಹೆದರುತ್ತಾರೆ, ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು. ಹಾಗಾಗುವುದಿಲ್ಲ. ಕೇಳಿದರೆ ಎಷ್ಟೋ ಜನಕ್ಕೆ ಎದೆ ಹಗುರಾಗುತ್ತದೆ. ಇವರನ್ನೂ ಕೇಳಿದೆ. “ಬೆಳಿಗ್ಗೆ ಎಚ್ಚರ ಆಗದಿದ್ರೆ ಸಾಕಿತ್ತು ಅನ್ಸಿದ್ದಿದೆ, ಮತ್ತೇನೂ ಇಲ್ಲ” ಎಂದರು. ಅಷ್ಟೇ ಆದರೂ ತೋಟದ ಔಷಧಿಗಳೆಲ್ಲ ಅದೇ ದಿನ ಬೀಗದೊಳಗೆ ಹೋಗಬೇಕು, ಕೀಲಿ ಹೆಂಡತಿಯ ಕೈಯಲ್ಲಿರಬೇಕು ಎಂದೆ. ಇದರಲ್ಲಿ ಚೌಕಾಶಿಯಿಲ್ಲ. ಅಂಥ ತೀವ್ರ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಮೊದಲ ವಾರ ಕೊಟ್ಟ ಕೆಲಸ ಬರೆಯುವುದು ಮಾತ್ರ. ಒಂದು ಹಾಳೆಯಲ್ಲಿ ನಾಲ್ಕು ಕಲಂ: ಗಂಟೆ, ಮಾಡಿದ್ದೇನು, ಖುಷಿ ಎಷ್ಟು, ಮಾಡಿ ಮುಗಿಸಿದ ಸಮಾಧಾನ ಎಷ್ಟು. ಕೊನೆಯ ಎರಡಕ್ಕೂ 0ಯಿಂದ 10ರವರೆಗೆ ಅಂಕ. ಹಾಳೆ ತುಂಬ ‘ಮಲಗಿದ್ದೆ, 0, 0’. ನಡುವೆ ಒಂದು ಸಾಲು ಮಾತ್ರ ಬೇರೆ: ‘ಕರುವಿಗೆ ಹುಲ್ಲು ಹಾಕಿದೆ, 2, 3’. ಆ ಒಂದು ಸಾಲನ್ನು ಹಿಡಿದೇ ಮುಂದಿನ ವಾರದ ಕೆಲಸ ಬರೆದುಕೊಟ್ಟೆ. ಬೆಳಿಗ್ಗೆ ಏಳೂವರೆಗೆ ಕೊಟ್ಟಿಗೆಗೆ ಹೋಗುವುದು, ಕರುವಿಗೆ ಹುಲ್ಲು ಹಾಕುವುದು, ಹತ್ತು ನಿಮಿಷಕ್ಕೆ ವಾಪಸ್.

ಮುಂದಿನ ಸಲ ಅಣ್ಣನೂ ಬಂದರು. ಹಾಳೆ ನೋಡಿ ಅವರ ಮುಖ ಕೆಂಪಾಯಿತು.

“ಕರುವಿಗೆ ಹುಲ್ಲು ಹಾಕು ಅಂತ ಬರ್ದುಕೊಡ್ಲಿಕ್ಕೆ ನೀವು ಬೇಕಾ ಮೇಡಂ? ಮಲಗಬೇಡ, ಎದ್ದು ಕೆಲಸ ಮಾಡು, ತಾನಾಗಿ ಸರಿಯಾಗ್ತದೆ ಅಂತ ಮೂರು ತಿಂಗಳಿಂದ ನಾವು ಹೇಳಿದ್ದೂ ಅದನ್ನೇ ಅಲ್ವ?”

ನಾನು ಉತ್ತರಿಸುವ ಮೊದಲೇ ಅಲ್ಲಿಯವರೆಗೆ ನೆಲ ನೋಡುತ್ತ ಕೂತಿದ್ದ ತಮ್ಮ ಹೇಳಿದರು: “ನೀನು ಹೇಳಿದ್ದು ತೋಟದ ಕೆಲಸ ಅಣ್ಣ. ಇವರು ಹೇಳಿದ್ದು ಹತ್ತು ನಿಮಿಷ.”

ಆ ದಿನದ ಉಳಿದ ಹೊತ್ತೆಲ್ಲ ಈ ಮಾತಿನ ಮೇಲೇ ಕಳೆಯಿತು. ಅಣ್ಣನ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಅವರೆದುರೇ ಒಪ್ಪಿದೆ. ಖಿನ್ನತೆಯಲ್ಲಿ ಮನುಷ್ಯ ಒಂದೊಂದೇ ಕೆಲಸ ಬಿಡುತ್ತಾನೆ. ಬಿಟ್ಟ ಗಳಿಗೆಯಲ್ಲಿ ಹಾಯೆನಿಸುತ್ತದೆ. ಆದರೆ ಆ ಕೆಲಸದಿಂದ ಸಿಗುತ್ತಿದ್ದ ಸಣ್ಣ ಖುಷಿ, ನಾಲ್ಕು ಜನರ ಮಾತು, ‘ನನ್ನ ಕೈಲಾಗುತ್ತದೆ’ ಎಂಬ ಭರವಸೆ ಎಲ್ಲವೂ ನಿಲ್ಲುತ್ತವೆ. ಮನಸ್ಸು ಮತ್ತಷ್ಟು ಕುಗ್ಗುತ್ತದೆ, ಇನ್ನೊಂದು ಕೆಲಸ ಬಿಡುತ್ತದೆ. ಈ ಸುತ್ತನ್ನು ಮುರಿಯಲು ಕೆಲಸವೇ ದಾರಿ. ಮನಸ್ಸು ಸರಿಯಾದ ಮೇಲೆ ಮಾಡುತ್ತೇನೆಂದು ಕಾದರೆ ಆ ದಿನ ಬರುವುದಿಲ್ಲ.

ಆದರೆ ಅಣ್ಣ ಕೊಟ್ಟ ಕೆಲಸ ಯಾವುದು? ಅಡಿಕೆಯ ಕೊಳೆರೋಗ ತಡೆಯುವ ಕೊಳೆಮದ್ದು ತಯಾರಿಸಿ ಆಳುಗಳಿಂದ ಹೊಡೆಸುವುದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ವರ್ಷಗಳಿಂದ ಕಣ್ಣುಮುಚ್ಚಿ ಮಾಡಿದ ಲೆಕ್ಕ. ಆ ದಿನ ಸುಣ್ಣ ಹಾಕಿಯಾಯಿತೋ ಇಲ್ಲವೋ ಎನ್ನುವುದೇ ನೆನಪಾಗದೆ, ಆಳುಗಳು ಮುಖ ಮುಖ ನೋಡಿಕೊಂಡಾಗ ಎಲ್ಲ ಬಿಟ್ಟು ಒಳಗೆ ಬಂದು ಮಲಗಿದರು. ಎರಡು ದಿನ ಏಳಲಿಲ್ಲ. ಮನೆಯವರಿಗೆ ಅದು ಸೋಮಾರಿತನವಾಗಿ ಕಂಡಿತು. ನಿಜವಾಗಿ ಗಮನ, ನೆನಪು, ನಿರ್ಧಾರ ಮೂರೂ ಈ ಕಾಯಿಲೆಯಲ್ಲಿ ಮಂಕಾಗುತ್ತವೆ. ಮೂರೂ ಒಟ್ಟಿಗೆ ಬೇಕಾಗುವ ಕೆಲಸಕ್ಕೆ ತಳ್ಳಿದರೆ ಸೋಲು ಖಚಿತ. ಆ ಸೋಲು ‘ನಾನು ಯಾವುದಕ್ಕೂ ಬಾರದವನು’ ಎಂಬ ಅವರ ನಂಬಿಕೆಗೆ ಸಾಕ್ಷಿಯಾಗುತ್ತದೆ.

ಅಳತೆ ಒಂದು ವ್ಯತ್ಯಾಸ. ಅತಿ ಕೆಟ್ಟ ದಿನದಲ್ಲೂ ಮಾಡಬಲ್ಲಷ್ಟು ಸಣ್ಣ ಕೆಲಸವನ್ನೇ ಆರಿಸಬೇಕು. ಬರೆದದ್ದು ಆಗದಿದ್ದರೆ ಕೆಲಸ ದೊಡ್ಡದಾಯಿತೆಂದು ಅರ್ಧಕ್ಕೆ ಇಳಿಸಬೇಕು. ಎರಡನೆಯದು ಗಡಿಯಾರ. ‘ಮನಸ್ಸಾದಾಗ’ ಎಂದು ಬರೆಯುವಂತಿಲ್ಲ. ಏಳೂವರೆ ಎಂದರೆ ಏಳೂವರೆ, ಮನಸ್ಸಿರಲಿ ಇಲ್ಲದಿರಲಿ. ಮೂರನೆಯದು, ಮುಗಿದ ಮೇಲೆ ಮನೆಯವರ ಬಾಯಲ್ಲಿ ಬರುವ ಮಾತು. “ಇಷ್ಟೇನಾ?” ಎಂದೂ ಬೇಡ, “ನೋಡು, ಮನಸ್ಸು ಮಾಡಿದ್ರೆ ಆಗ್ತದೆ” ಎಂದೂ ಬೇಡ. ಎರಡನೆಯ ಮಾತು ಹೊಗಳಿಕೆಯಂತೆ ಕೇಳಿಸುತ್ತದೆ. ಕೇಳಿದವರಿಗೆ ಮಾತ್ರ ‘ಇಷ್ಟು ದಿನ ಮನಸ್ಸು ಮಾಡಲಿಲ್ಲ’ ಎಂಬ ಆರೋಪ. “ಕರು ಹುಲ್ಲು ತಿಂತಾ?” ಎಂದು ಕೇಳಿದರೆ ಸಾಕು.

ಅಣ್ಣ ಸುಮ್ಮನೆ ಕೇಳಿದರು. ಆಮೇಲೆ, “ಹಾಗಾದ್ರೆ ಆ ಮಾತ್ರೆ ಯಾಕೆ?” ಎಂದರು. ನ್ಯಾಯವಾದ ಪ್ರಶ್ನೆ. ತೀವ್ರತೆ ಇಷ್ಟಿರುವಾಗ ಎರಡೂ ಜೊತೆಗಿರುವುದು ಒಳ್ಳೆಯದು. ಖಿನ್ನತೆಯ ಮಾತ್ರೆ ನಿದ್ದೆಮಾತ್ರೆಯಂತೆ ಚಟ ಹಿಡಿಸುವುದಿಲ್ಲ. ಮೊದಲ ಒಂದೆರಡು ವಾರ ಹೊಟ್ಟೆ ತೊಳಸು, ತಲೆನೋವು ಬರಬಹುದು. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ತೊಂದರೆ ಮೊದಲು, ಗುಣ ಆಮೇಲೆ ಬರುವುದರಿಂದಲೇ ಬಹಳ ಜನ ಹತ್ತನೆಯ ದಿನಕ್ಕೆ ಬಿಡುತ್ತಾರೆ. ಇನ್ನು ಕೆಲವರು ಚೆನ್ನಾಗಿದ್ದೇನೆಂದು ಎರಡನೆಯ ತಿಂಗಳಿಗೆ ಬಿಡುತ್ತಾರೆ. ಪೂರ್ತಿ ಚೇತರಿಸಿಕೊಂಡ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ಆಮೇಲೆ ವೈದ್ಯರು ಹೇಳಿದಂತೆ ನಿಧಾನ ಇಳಿಸಬೇಕು.

ಹತ್ತು ನಿಮಿಷದ ಕೆಲಸ ಬರೆದುಕೊಡುವುದನ್ನು ಚಿಕಿತ್ಸೆ ಎನ್ನಲು ಒಪ್ಪದವರಿಗೆ ಕಾರವಾರದಾಚೆಯ ಗೋವಾವನ್ನೇ ತೋರಿಸುತ್ತೇನೆ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ತೀವ್ರವಾಗಿದ್ದ 495 ಜನರ ಮೇಲೆ ಪ್ರಯೋಗ ನಡೆಯಿತು. ತರಬೇತಿ ಪಡೆದ ಸಾಮಾನ್ಯ ಸ್ಥಳೀಯರೇ ಆರರಿಂದ ಎಂಟು ಭೇಟಿಗಳಲ್ಲಿ ಇದೇ ಬಗೆಯ ಚಟುವಟಿಕೆಯ ಚಿಕಿತ್ಸೆ ಕೊಟ್ಟರು. ಅದು ಸಿಕ್ಕವರು ಮಾಮೂಲಿ ಆರೈಕೆ ಮಾತ್ರ ಸಿಕ್ಕವರಿಗಿಂತ ಚೆನ್ನಾಗಿ ಚೇತರಿಸಿಕೊಂಡರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು.

ಮೂರನೆಯ ವಾರ ಒಂದು ತೊಡಕು ಬಂತು. ಸಂಜೆ ರಸ್ತೆಯವರೆಗಿನ ನಡಿಗೆಗೆ ‘0, 0’ ಬರೆದಿದ್ದರು. ನಡೆಯುವಾಗ ತಲೆಯಲ್ಲಿ ಏನಿತ್ತು ಎಂದರೆ, ಸಾಲದ ಬಡ್ಡಿ. ಕಾಲು ನಡೆದರೂ ಮನಸ್ಸು ಹಾಸಿಗೆಯಲ್ಲೇ ಇತ್ತು. ಹಾಗಾಗಿ ನಡಿಗೆಗೆ ಮಗಳನ್ನು ಜೊತೆ ಮಾಡಿದೆವು. ಸಾಲಕ್ಕೆ ಬೇರೆಯೇ ಹೊತ್ತು: ವಾರಕ್ಕೊಮ್ಮೆ ಅಣ್ಣನ ಜೊತೆ, ಹಗಲಲ್ಲಿ, ಕಾಗದ ಪೆನ್ನು ಹಿಡಿದು ಅರ್ಧ ಗಂಟೆ. ಮೊದಲ ವಾರ ಯಾವ ಸಾಲ, ಎಷ್ಟು ಬಾಕಿ ಎಂಬ ಪಟ್ಟಿ. ಮುಂದಿನ ವಾರ ಸೊಸೈಟಿಗೆ ಹೋಗಿ ಕಂತಿನ ಅವಧಿಯ ಬಗ್ಗೆ ಕೇಳುವುದು. ಆ ಕೆಲಸವನ್ನು ಅಣ್ಣನೇ ವಹಿಸಿಕೊಂಡರು. ಅವರು ತಮ್ಮನಿಗೆ ಮಾಡಿದ ಅತಿ ದೊಡ್ಡ ಉಪಕಾರ ಅದು ಎಂದು ನನ್ನ ಎಣಿಕೆ. ಸಾಲದ ಭಾರ ನಿಜವಾದದ್ದು; ಧೈರ್ಯದ ಮಾತಿನಿಂದ ಅದು ಕರಗುವುದಿಲ್ಲ.

ನಿದ್ದೆಗೆ ಹೇಳಿದ್ದು ಇಷ್ಟು. ರಾತ್ರಿ ನಿದ್ದೆ ಹೇಗೇ ಆಗಿರಲಿ, ಏಳುವ ಗಂಟೆ ಒಂದೇ. ಮಧ್ಯಾಹ್ನ ಅರ್ಧ ಗಂಟೆಗಿಂತ ಹೆಚ್ಚು ಮಲಗಬಾರದು. ನಾಲ್ಕರ ನಂತರ ಚಹಾ ಇಲ್ಲ. ರಾತ್ರಿ ಊಟದ ಮೇಲಿನ ತಂಬಾಕಿನ ಕವಳ, ಅಂದರೆ ಎಲೆಅಡಿಕೆ, ಬಿಡಬೇಕು. ಕವಳ ಹಾಕಿದರೆ ಆರಾಮ ಎನಿಸಿದರೂ ತಂಬಾಕು ನಿದ್ದೆ ಕೆಡಿಸುತ್ತದೆ. ಮೂರಕ್ಕೆ ಎಚ್ಚರವಾಗಿ ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬಾರದಿದ್ದರೆ ಎದ್ದು ಜಗಲಿಯಲ್ಲಿ ಮಂದ ಬೆಳಕಲ್ಲಿ ಕೂರಬೇಕು, ಮೊಬೈಲ್ ಮುಟ್ಟದೆ. ಮಳೆಗಾಲದ ನಮ್ಮ ಮನೆಗಳ ಒಳಗೆ ಹಗಲೂ ಕತ್ತಲೆ. ಹಾಗಾಗಿ ಬೆಳಿಗ್ಗೆ ಅರ್ಧ ಗಂಟೆ ಅಂಗಳದ ಬೆಳಕಿಗೆ ಬರಬೇಕು, ಮೋಡವಿದ್ದರೂ.

ಮದ್ದಳೆಯನ್ನು ಬೇಗ ಎತ್ತಿಸಬಾರದೆಂದು ಹೆಂಡತಿಗೆ ಒತ್ತಿ ಹೇಳಿದ್ದೆ. ಅತಿ ಪ್ರೀತಿಯ ಕೆಲಸವೇ ಮೊದಲಿನ ರುಚಿ ಕೊಡದಿದ್ದಾಗ ಆಗುವ ನಿರಾಶೆ ದೊಡ್ಡದು. ಮೊದಲು ಚರ್ಮ ಒರೆಸಿಡುವುದು, ಆಮೇಲೆ ಹತ್ತಿರದ ತಾಳಮದ್ದಳೆಯಲ್ಲಿ ಹಿಂದೆ ಕೂತು ಅರ್ಧ ಗಂಟೆ ಕೇಳಿ ಬರುವುದು. ದೀಪಾವಳಿಯ ಹೊತ್ತಿಗೆ ಒಂದು ಪದ್ಯಕ್ಕೆ ನುಡಿಸಿದರು. ಪಿಎಚ್‌ಕ್ಯೂ 7ಕ್ಕೆ ಇಳಿದಿತ್ತು. ಪೂರ್ತಿ ಗುಣವಾಗಿಲ್ಲ, ಮಾತ್ರೆ ನಡೆದಿದೆ, ಬೆಳಗಿನ ಭಾರ ಆಗೀಗ ಇದೆ.

ಒಮ್ಮೆ ಬಂದ ಖಿನ್ನತೆ ಮತ್ತೆ ಬರುವ ಸಾಧ್ಯತೆ ಸಾಕಷ್ಟಿದೆ. ಕೊಳೆಗೆ ಮದ್ದು ಹೊಡೆಯುವುದು ಕೊಳೆ ಕಂಡ ಮೇಲಲ್ಲ, ಮಳೆ ಹಿಡಿಯುವ ಮೊದಲು. ಅಣ್ಣನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. ಮೊದಲು ಕೆಟ್ಟದ್ದು ಯಾವುದು ಎಂದು ಅಣ್ಣ, ತಮ್ಮ, ತಮ್ಮನ ಹೆಂಡತಿ ಮೂವರೂ ಕೂತು ನೆನಪಿಸಿಕೊಂಡು ಒಂದು ಚೀಟಿ ಬರೆದರು: ಬೆಳಗಿನ ಜಾವದ ಎಚ್ಚರ, ಫೋನ್ ಎತ್ತದಿರುವುದು, ಊಟ ಅರ್ಧಕ್ಕೆ ಬಿಡುವುದು. ಇವುಗಳಲ್ಲಿ ಎರಡು ಒಂದು ವಾರ ಕಂಡರೆ ಹಾಳೆ ಮತ್ತೆ ಶುರು, ಎರಡು ವಾರವಾದರೆ ವೈದ್ಯರ ಬಳಿ. ಚೀಟಿಯ ಕೆಳಗೆ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416 ಇದೆ. ಇದು ಉಚಿತ, ಹಗಲುರಾತ್ರಿ ಸಿಗುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಸಾವಿನ ಯೋಚನೆ ಬಂದರೆ ಮಾತ್ರ ವಾರ ಎಣಿಸುವಂತಿಲ್ಲ. ಆ ಗಳಿಗೆಗೇ ಆ ಸಂಖ್ಯೆಗೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ, ಅಲ್ಲಿಯವರೆಗೆ ಅವರನ್ನು ಒಬ್ಬರೇ ಬಿಡಬೇಡಿ.